ಪದ ಬೇಕು: ಬಿಯರ್ ಮಾಡುವಾಗಿನ ‘ಮ್ಯಾಶ್’, ‘ವರ್ಟ್’, ‘ಸ್ಪಾರ್ಜ್’ (ನಾಳೆ ಬೆಳಿಗ್ಗೆಯೊಳಗೆ)

ಚಿಕ್ಕಮಗಳೂರಿನಿಂದ, ಶನಿವಾರ ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ಮೂರು ಪದ ಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ ಪುಟ ಪ್ರೆಸ್ಸಿಗೆ ಹೋಗುತ್ತದೆ.

ಅಣ್ಣನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಅಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸನ್ಸ್ ಬೇಕಿಲ್ಲ. ಇಷ್ಟು ದಿನ ಡಬ್ಬದಲ್ಲಿ ಸಿಗುವ ಮಾಲ್ಟ್ ಸಾರ ತಂದು ನೀರಿಗೆ ಕಲಸಿ ಮಾಡುತ್ತಿದ್ದ. ಹೋದ ತಿಂಗಳು ಮೊದಲ ಸಲ ಬರೀ ಕಾಳಿನಿಂದ ಮಾಡಿದ. ಆ ಒಂದು ದಿನದ ಅನುಭವವನ್ನು ಅಲ್ಲಿನ ಕನ್ನಡಿಗರ ರಾಜ್ಯೋತ್ಸವ ಸಂಚಿಕೆಗೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮಲ್ಲಿ ಇದನ್ನು ಲೈಸನ್ಸ್ ಇಲ್ಲದೆ ಮಾಡುವ ಹಾಗಿಲ್ಲ ಅನ್ನೋದು ಗೊತ್ತು. ಕೇಳುತ್ತಿರುವುದು ಪದ ಮಾತ್ರ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್, ಐದು ಕಿಲೋ. ಅದನ್ನು ತರಿತರಿಯಾಗಿ ಒಡೆದು 13 ಲೀಟರ್ ಬಿಸಿನೀರಿಗೆ ಹಾಕಿ, 67 ಡಿಗ್ರಿಯಲ್ಲಿ ಒಂದು ಗಂಟೆ ಮುಚ್ಚಿಡುತ್ತಾರೆ. ಕಾಳಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಈ ಹಂತಕ್ಕೂ ಮ್ಯಾಶ್ ಅಂತಾರೆ, ಪಾತ್ರೆಯಲ್ಲಿರುವ ಆ ಮಿಶ್ರಣಕ್ಕೂ ಮ್ಯಾಶ್ ಅಂತಾರೆ. ಆಮೇಲೆ ಕೆಳಗಿನ ನಲ್ಲಿ ಬಿಟ್ಟರೆ ಬರುವ ಸಿಹಿ ದ್ರವ ವರ್ಟ್. ಕಾಳಲ್ಲಿ ಉಳಿದ ಸಿಹಿಯನ್ನೂ ಬಿಡಿಸಲು ಮೇಲಿಂದ ಮೆಲ್ಲಗೆ ಮತ್ತೆ ಹನ್ನೆರಡು ಲೀಟರ್ ಬಿಸಿನೀರು ಹೊಯ್ಯುತ್ತಾರೆ, ಅದು ಸ್ಪಾರ್ಜ್. ಆ ನೀರು 77 ಡಿಗ್ರಿ ದಾಟಬಾರದು, ದಾಟಿದರೆ ಸಿಪ್ಪೆಯ ಒಗರೂ ಇಳಿದುಬಿಡುತ್ತದೆ. ಕೊನೆಗೆ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಒಂದು ಬಳ್ಳಿಯ ಹೂ) ಹಾಕಿ ಒಂದು ಗಂಟೆ ಕುದಿಸಿ, 20 ಡಿಗ್ರಿಗೆ ತಣಿಸಿ, ಯೀಸ್ಟ್ ಹಾಕುವುದು.

ಸದ್ಯಕ್ಕೆ ‘ಕಲಸು’, ‘ಸಿಹಿದ್ರವ’, ‘ಚಿಮುಕಿಸು’ ಅಂತ ಬರೆದಿದ್ದೇನೆ. ಮೂರೂ ಬಾಯಿಗೆ ಹತ್ತುತ್ತಿಲ್ಲ. ಹನ್ನೆರಡು ಲೀಟರ್ ನೀರನ್ನು ಯಾರಾದರೂ ಚಿಮುಕಿಸುತ್ತಾರಾ? ‘ಬಟ್ಟಿ ಇಳಿಸು’ ಮಾತ್ರ ಹೇಳಬೇಡಿ. ಅದು ಆವಿ ಮಾಡಿ ಇಳಿಸುವ ಸಾರಾಯಿಯ ಮಾತು. ಬಿಯರ್‌ಗೆ ಬಟ್ಟಿ ಇಲ್ಲ.

ಹಾಸನದಿಂದ, ಮೂರೂವರೆ

ಮೂರು ಪದದ ಮಾತು ಆಮೇಲೆ. ‘ಕಿಣ್ವ’ವನ್ನು ನೀವು ತಪ್ಪಾಗಿ ಬಳಸಿದ್ದೀರಿ. ಕಿಣ್ವ ಅಂದರೆ ಮದ್ಯ ಹುಳಿ ಬರಿಸಲು ಹಾಕುವ ವಸ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ, ಅಂದರೆ ಮದ್ಯದ ಉಸ್ತುವಾರಿ ಅಧಿಕಾರಿಯ, ಕೆಲಸ ಹೇಳುವ ಅಧ್ಯಾಯ ತೆಗೆದು ನೋಡಿ. ಉದ್ದಿನ ಹಿಟ್ಟು, ಅದಕ್ಕೆ ಅಕ್ಕಿ, ಜೊತೆಗೆ ಒಂದಿಷ್ಟು ಮೂಲಿಕೆ ಸೇರಿಸಿ ಕಿಣ್ವ ಮಾಡುವ ಕ್ರಮ ಅಲ್ಲಿದೆ. ನಿಮ್ಮ ಯೀಸ್ಟ್ ಅದೇ. ಎರಡು ಸಾವಿರ ವರ್ಷದ ಹಿಂದಿನ ಪದ ಕೈಯಲ್ಲೇ ಇರುವಾಗ ಯೀಸ್ಟ್ ಯಾಕೆ? ಶಾಲೆ ಪುಸ್ತಕ ಮಾಡಿದವರು ಅದನ್ನು ಎತ್ತಿ ಎಂಜೈಮ್‌ಗೆ ಅಂಟಿಸಿದರು. ನಾವೂ ಅದನ್ನೇ ಮುಂದುವರಿಸಬೇಕೇ?

ಬಾಳೆಹೊನ್ನೂರಿನಿಂದ, ನಾಲ್ಕು ಗಂಟೆ

ಮುಂದುವರಿಸಲೇಬೇಕು. ಹೈಸ್ಕೂಲು ಓದಿದ ಪ್ರತಿ ಮಗುವಿಗೂ ಕಿಣ್ವ ಅಂದರೆ ಎಂಜೈಮ್. ಜೊಲ್ಲಿನ ಕಿಣ್ವ, ಜಠರದ ಕಿಣ್ವ ಅಂತ ಓದಿಯೇ ಬೆಳೆದವರು ನಾವು.

ಇನ್ನೊಂದು ಮಾತು. ‘ಎಂಜೈಮ್’ ಪದವೂ ಇದೇ ದಾರಿಯಲ್ಲಿ ಬಂದದ್ದು. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಅದನ್ನು ಗ್ರೀಕಿನಿಂದ ಕಟ್ಟಿದರು. ‘ಹುದುಗಿನ ಒಳಗಿರುವುದು’ ಅಂತ ಅರ್ಥ. ಅಲ್ಲೂ ಹುದುಗಿನ ಮಾತೇ ಎಂಜೈಮ್ ಆಯಿತು. ಇಲ್ಲೂ ಹುದುಗಿನ ಮಾತೇ ಎಂಜೈಮ್ ಆಯಿತು. ಕಿಣ್ವವನ್ನು ಆರಿಸಿದವರು ಕಣ್ಣುಮುಚ್ಚಿ ಆರಿಸಿಲ್ಲ.

ಅದಕ್ಕಿಂತ ಮುಖ್ಯವಾಗಿ, ಈ ಲೇಖನದಲ್ಲಿ ಎರಡೂ ಬರುತ್ತವೆ. ಬೆಳಿಗ್ಗೆ 67 ಡಿಗ್ರಿಯಲ್ಲಿ ಕೆಲಸ ಮಾಡುವುದು ಕಿಣ್ವ, ಸಂಜೆ 20 ಡಿಗ್ರಿಯಲ್ಲಿ ಕೆಲಸ ಶುರು ಮಾಡುವುದು ಯೀಸ್ಟ್. ಮೊದಲನೆಯದು ಜೀವವಿಲ್ಲದ ಪ್ರೋಟೀನು, ಎರಡನೆಯದು ಜೀವಿ. ಎರಡಕ್ಕೂ ಒಂದೇ ಪದ ಇಟ್ಟರೆ ಓದುವವರು ಕೆಟ್ಟರು.

ಅರಸೀಕೆರೆಯಿಂದ, ನಾಲ್ಕೂಕಾಲು

ಸಂಸ್ಕೃತದ ಒಂದು ಪದಕ್ಕೆ ಇಬ್ಬರು ಜಗಳ. ಕನ್ನಡ ಎಲ್ಲಿ ಹೋಯಿತು?

ಬಾರ್ಲಿ ಬೇಡ, ಜವೆಗೋಧಿ ಅನ್ನಿ. ಮಾಲ್ಟ್ ಬೇಡ, ಮೊಳಕೆಗಾಳು. ಯೀಸ್ಟ್ ಬೇಡ, ಹುದುಗು. ಮ್ಯಾಶ್‌ಗೆ ‘ಬಿಸಿನೆನೆ’, ವರ್ಟ್‌ಗೆ ‘ಸಿಹಿಬಸಿ’, ಸ್ಪಾರ್ಜ್‌ಗೆ ‘ಮೇಲೆರೆತ’. ಮೂರೂ ಕನ್ನಡದ ಬೇರಿನಿಂದಲೇ ಹುಟ್ಟಿದವು, ಮೂರೂ ಚಿಕ್ಕವು. ಕನ್ನಡಕ್ಕೆ ಪದ ಕಟ್ಟುವ ಕಸುವಿದೆ. ಕಟ್ಟುವವರಿಗೆ ಮನಸ್ಸಿಲ್ಲ.

ಹುದುಗು ಪದವನ್ನೇ ನೋಡಿ. ಹುದುಗು ಅಂದರೆ ಅಡಗು, ಒಳಗೆ ಸೇರಿಕೋ. ಹಿಟ್ಟನ್ನು ಮುಚ್ಚಿ ಬೆಚ್ಚಗೆ ಒಂದು ಮೂಲೆಯಲ್ಲಿ ಅಡಗಿಸಿಡುತ್ತೇವಲ್ಲ, ಅಲ್ಲಿಂದಲೇ ಈ ಅರ್ಥ ಬಂದಿರಬೇಕು ಅಂತ ನಾನು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ.

ಸಕಲೇಶಪುರದಿಂದ, ಐದು ಗಂಟೆ

ಈ ಕೆಲಸವನ್ನು ಕಣ್ಣಾರೆ ನೋಡದೆ ಪದ ಕಟ್ಟಿದರೆ ‘ಮೇಲೆರೆತ’ವೇ ಆಗೋದು. ನಾನು ಜರ್ಮನಿಯಲ್ಲಿದ್ದಾಗ ಪಕ್ಕದ ಮನೆಯವರು ಬಿಯರ್ ಮಾಡುವುದನ್ನು ಎರಡು ಸಲ ನಿಂತು ನೋಡಿದ್ದೇನೆ. ನೋಡಿದ ಕೂಡಲೇ ನೆನಪಾದದ್ದು ಅಮ್ಮನ ಹಿತ್ತಾಳೆ ಫಿಲ್ಟರ್.

ಪಾತ್ರೆಯ ತಳದಲ್ಲಿ ಜಾಲರಿ. ಅದರ ಮೇಲೆ ಒಡೆದ ಕಾಳು ಒಂದು ಹಾಸಿನ ಹಾಗೆ ಕೂತಿರುತ್ತದೆ. ಮೊದಲು ಬರುವ ರಸ ಕದಡಿರುತ್ತದೆ. ಅದನ್ನು ಜಗ್ಗಿನಲ್ಲಿ ಹಿಡಿದು ಮತ್ತೆ ಮೇಲಕ್ಕೇ ಸುರಿಯುತ್ತಾರೆ. ಎರಡು ಮೂರು ಸಲ ಹಾಗೆ ಮಾಡಿದರೆ ತಿಳಿಯಾಗುತ್ತದೆ. ಯಾಕಂದರೆ ಸೋಸುವುದು ಜಾಲರಿಯಲ್ಲ, ಕಾಳಿನ ಸಿಪ್ಪೆಯೇ. ಆಮೇಲೆ ಒಂದು ತಟ್ಟೆ ಅಡ್ಡ ಹಿಡಿದು ಅದರ ಮೇಲೆ ನೀರು ಬಿಡುತ್ತಾರೆ, ಹಾಸು ಕದಡಬಾರದು ಅಂತ. ಫಿಲ್ಟರಿನಲ್ಲಿ ಪುಡಿಯ ಮೇಲೆ ಒತ್ತುಬಿಲ್ಲೆ ಇಟ್ಟು ನೀರು ಹೊಯ್ಯುವುದಿಲ್ಲವೇ, ಅದೇ. ಪುಡಿ ತೀರಾ ಸಣ್ಣಗಾದರೆ ಡಿಕಾಕ್ಷನ್ ಇಳಿಯಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಾಳನ್ನು ನುಣ್ಣಗೆ ಒಡೆದರೂ ಹೀಗೇ ಆಗುತ್ತದೆ.

ಹಾಗಾಗಿ ನನ್ನ ಉತ್ತರ: ಸ್ಪಾರ್ಜ್ ಅಂದರೆ ‘ಎರಡನೇ ನೀರು ಇಳಿಸು’. ನಮ್ಮ ಕಡೆ ಎರಡನೇ ಡಿಕಾಕ್ಷನ್ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಒಡೆದ ಮಾಲ್ಟ್‌ಗೆ ‘ನುಚ್ಚು’ ಅನ್ನಿ, ಹಿಟ್ಟು ಅನ್ನಬೇಡಿ. ಮಾಲ್ಟ್ ಅನ್ನು ಮಾಲ್ಟ್ ಅಂತಲೇ ಬಿಡಿ. ರಾಗಿ ಮಾಲ್ಟ್ ಕುಡಿಯದ ಮನೆ ಯಾವುದಿದೆ?

ಚನ್ನರಾಯಪಟ್ಟಣದಿಂದ, ಐದೂವರೆ

ವರ್ಟ್‌ಗೆ ಯಾಕಿಷ್ಟು ಕಷ್ಟ? ಹಾಲು. ಆಲೆಮನೆಗೆ ಹೋಗಿ ಕೇಳಿ, ಗಾಣದಿಂದ ಬರುವ ರಸಕ್ಕೆ ‘ಕಬ್ಬಿನ ಹಾಲು’ ಅಂತಲೇ ಹೇಳುತ್ತಾರೆ. ರಾಗಿ ಹಾಲು, ಗೋಧಿ ಹಾಲು ಎಲ್ಲ ಮನೆಯಲ್ಲೂ ಇದೆ. ಕಾಳಿನಿಂದ ಬಂದದ್ದು ‘ಕಾಳುಹಾಲು’. ಆಲೆಮನೆಯಲ್ಲಿ ಹಾಲು ಕುದಿಸಿ ಮೇಲೆ ಬಂದ ನೊರೆ ಕೊಳೆ ತೆಗೆಯುತ್ತಾರೆ. ಇಲ್ಲೂ ಕುದಿ ಹತ್ತುವಾಗ ನೊರೆ ಉಕ್ಕುತ್ತದೆ ಅಂತ ಕೇಳಿದ್ದೇನೆ.

ಅರಸೀಕೆರೆಯಿಂದ, ಆರು ಗಂಟೆ

ಒಪ್ಪಲಾರೆ. ಗೋಧಿ ಹಾಲು ಬೆಳ್ಳಗಿರುತ್ತದೆ, ಅದರಲ್ಲಿರುವುದು ಬರೀ ಗಂಜಿ. ವರ್ಟ್‌ನಲ್ಲಿ ಗಂಜಿ ಉಳಿದಿರಲೇಬಾರದು. ಅಯೋಡಿನ್ ಹನಿ ಹಾಕಿದಾಗ ನೀಲಿ ಬಂದರೆ ಕೆಲಸ ಮುಗಿದಿಲ್ಲ ಅಂತಲೇ ಅರ್ಥ. ಹಾಲು ಅಂದರೆ ದಾರಿ ತಪ್ಪಿಸಿದ ಹಾಗೆ. ಸಿಹಿಬಸಿಯೇ ಸರಿ.

‘ಎರಡನೇ ಡಿಕಾಕ್ಷನ್’ ಕನ್ನಡವೂ ಅಲ್ಲ.

ಚನ್ನರಾಯಪಟ್ಟಣದಿಂದ

ಕಬ್ಬಿನ ಹಾಲು ಬೆಳ್ಳಗಿರಲ್ಲ, ಅದರಲ್ಲಿ ಗಂಜಿಯೂ ಇಲ್ಲ. ಸಿಹಿ ಮಾತ್ರ. ಮುಂದೆ?

ಬೇಲೂರಿನಿಂದ, ಆರೂವರೆ

ಅರಸೀಕೆರೆಯವರಿಗೆ ಒಂದು ವಿಷಯ. ‘ಜವೆ’ ಸಂಸ್ಕೃತದ ಯವದಿಂದ ಬಂದದ್ದು. ‘ಗೋಧಿ’ ಗೋಧೂಮದಿಂದ. ಬಾರ್ಲಿ ಬಿಟ್ಟು ಜವೆಗೋಧಿ ಹಿಡಿದರೆ ಒಂದು ಎರವಲು ಬಿಟ್ಟು ಎರಡು ಎರವಲು ತಂದ ಹಾಗಾಯಿತು. ಪದ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಅದನ್ನು ಅಚ್ಚಗನ್ನಡ ಅಂತ ಮಾರಬೇಡಿ.

ನಮ್ಮ ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಕಂಡ ಶಾಸನ ಸುಮಾರು ಕ್ರಿ.ಶ. 450ರದ್ದು. ಕನ್ನಡಕ್ಕೆ ಮೊದಲ ಶಾಸನ ಅಂತ ಎದೆಯುಬ್ಬಿಸಿ ತೋರಿಸುತ್ತೇವೆ. ಅದು ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ, ಒಳಗೂ ಸಂಸ್ಕೃತ ಪದಗಳು ತುಂಬಿವೆ. ಅದಕ್ಕೆ ಬೆನ್ನೆಲುಬಾಗಿ ನಿಂತಿರುವುದು ಕನ್ನಡದ ವ್ಯಾಕರಣ. ಎರವಲು ತಂದದ್ದರಿಂದ ಕನ್ನಡ ಕೆಟ್ಟಿದ್ದರೆ ಅವತ್ತೇ ಕೆಡಬೇಕಿತ್ತು.

ಡಿಕಾಕ್ಷನ್ ಕನ್ನಡ ಅಲ್ಲ ಅನ್ನುವುದಾದರೆ ಕಾಫಿಯೂ ಅಲ್ಲ. ಅದು ಅರಬ್ಬಿಯ ‘ಕಹ್ವಾ’. ಆ ಪದ ಅಲ್ಲಿ ಮೊದಲು ದ್ರಾಕ್ಷಿ ಮದ್ಯಕ್ಕೆ ಇತ್ತು, ಆಮೇಲೆ ಕಾಫಿಗೆ ಬಂತು. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅಂತ ಗಿರಿಯ ಕೆಳಗಿನ ನಾವೆಲ್ಲ ಹೇಳಿಕೊಳ್ಳುತ್ತೇವೆ. ಬೀಜದ ಹಿಂದೆಯೇ ಪದವೂ ಬಂತು. ಯಾರೂ ‘ಕಪ್ಪುಬಸಿ’ ಅಂತ ಕರೆಯಲಿಲ್ಲ.

ಅರಸೀಕೆರೆಯಿಂದ

ವಸ್ತು ಹೊರಗಿನದಾದರೆ ಹೆಸರು ಹೊರಗಿನದಿರಲಿ. ಕೆಲಸ ನಮ್ಮದಾದರೆ? ನೆನೆಸುವುದು, ಬಸಿಯುವುದು, ಎರೆಯುವುದು ಎಲ್ಲ ನಮ್ಮ ಅಡುಗೆಮನೆಯ ಕೆಲಸ. ಅದಕ್ಕೂ ಸಾಲ ಬೇಕಾ? ನಾನು ಕೇಳುತ್ತಿರುವುದು ಇಷ್ಟೇ.

ಹಾಸನದಿಂದ

ಕಿಣ್ವದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಚಿಕ್ಕಮಗಳೂರಿನಿಂದ, ರಾತ್ರಿ ಹನ್ನೊಂದು

ಅರಸೀಕೆರೆಯವರ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ಕೆಲಸ ನಮ್ಮದಾದರೆ ಕ್ರಿಯಾಪದ ನಮ್ಮದೇ ಇರಬೇಕು. ಹಾಗೇ ಮಾಡಿದ್ದೇನೆ. ಆದರೆ ಹೊಸದಾಗಿ ಕಟ್ಟಿದ ನಾಮಪದಗಳನ್ನು ಬಿಟ್ಟಿದ್ದೇನೆ, ಕ್ಷಮಿಸಿ. ‘ಬಿಸಿನೆನೆ’ಯನ್ನು ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಓದಿದೆ. ಪಕ್ಕದಲ್ಲೇ ಕೂತಿದ್ದ ತಂಗಿ ‘ಬಿಸಿ ಯಾರಿಗೆ, ನೆನೆದವರು ಯಾರು’ ಅಂತ ಕೇಳಿದಳು. ಓದುವವರು ಒಂದೇ ಸಲಕ್ಕೆ ಹಿಡಿಯದ ಪದ ಈ ಲೇಖನಕ್ಕೆ ಬೇಡ.

ಸ್ಪಾರ್ಜ್‌ಗೆ ‘ಎರಡನೇ ನೀರು ಇಳಿಸು’, ವರ್ಟ್‌ಗೆ ‘ಕಾಳುಹಾಲು’ ತೆಗೆದುಕೊಂಡೆ. ಅದನ್ನು ಬರೆದ ಮೇಲೆ ಯೀಸ್ಟಿನ ಕ್ರಿಯಾಪದ ತಾನಾಗಿಯೇ ಬಂತು. ಹಾಲಿಗೆ ಏನು ಹಾಕುತ್ತೇವೆ? ಹೆಪ್ಪು. ಕಾಳುಹಾಲು ತಣಿದ ಮೇಲೆ ಯೀಸ್ಟಿನ ಹೆಪ್ಪು ಹಾಕಿದ. ಮೊಸರಿನ ಹಾಗೆ ಇದು ಗಟ್ಟಿಯಾಗುವುದಿಲ್ಲ, ಆ ತಕರಾರು ಬರುತ್ತದೆ ಅಂತ ಗೊತ್ತು. ಆದರೆ ನನಗೆ ಬೇಕಾದದ್ದು ಆ ಕೈಕೆಲಸ. ಹಾಲು ಸುಡುತ್ತಿರುವಾಗ ಹೆಪ್ಪು ಹಾಕಿದರೆ ಕೆಡುತ್ತದೆ ಅಂತ ಬೆರಳು ಅದ್ದಿ ನೋಡುತ್ತೇವಲ್ಲ, ಇವನೂ ಕಾಳುಹಾಲು 20ಕ್ಕೆ ಇಳಿಯುವ ತನಕ ಕಾದು ನಿಂತದ್ದು ಅದಕ್ಕೇ. ಬಿಸಿಗೆ ಹಾಕಿದರೆ ಯೀಸ್ಟ್ ಸಾಯುತ್ತದೆ. ಚೂರು ಜೀವ ಹಾಕಿ, ಮುಚ್ಚಿಟ್ಟು, ಕೈಕಟ್ಟಿ ಕಾಯುವ ಕೆಲಸಕ್ಕೆ ಕನ್ನಡದಲ್ಲಿ ಇಷ್ಟು ಚೊಕ್ಕ ಮಾತು ಇನ್ನೊಂದು ನನಗೆ ಕಾಣಲಿಲ್ಲ.

ಹಾಸನದ ಗುರುಗಳಿಗೆ: ಕಿಣ್ವ ಎಂಜೈಮ್‌ಗೇ ಉಳಿಯಿತು. ಬಾಳೆಹೊನ್ನೂರಿನವರು ಹೇಳಿದ ಹಾಗೆ ಎರಡೂ ಒಂದೇ ಪುಟದಲ್ಲಿವೆ. ಆದರೆ ಉದ್ದು, ಅಕ್ಕಿಯ ಆ ಮಾತು ನನಗೆ ಹೊಸದು. ಇಡ್ಲಿ ಹಿಟ್ಟಿಗೆ ಬೀಳುವ ಎರಡೇ ಕಾಳು ಅಲ್ಲೂ ಇವೆ ಅಂದರೆ ಖುಷಿಯಾಗುತ್ತದೆ.

ಮ್ಯಾಶ್ ಮಾತ್ರ ಮ್ಯಾಶ್ ಆಗಿಯೇ ಉಳಿಯಿತು. ‘ಅಂಬಲಿ’ ಅಂತ ಬರೆದು ನೋಡಿದೆ, ನೋಡಲು ಹಾಗೇ ಇರುತ್ತದಂತೆ. ಆದರೆ ಅಂಬಲಿ ಅಂದ ಕೂಡಲೇ ಕುಡಿಯುವ ಲೋಟ ಕಣ್ಣಿಗೆ ಬರುತ್ತದೆ. ಮೊದಲ ಸಲ ಬರುವಲ್ಲಿ ವಿವರಿಸಿ, ಮುಂದೆ ಮ್ಯಾಶ್ ಅಂತಲೇ ಬಿಟ್ಟೆ. ಪಾತ್ರೆಯಲ್ಲಿ ಉಳಿದ ಕಾಳಿಗೆ ಯಾರನ್ನೂ ಕೇಳದೆ ‘ಚರಟ’ ಹಾಕಿದೆ, ಕಾಫಿಯ ಚರಟದ ಹಾಗೆ.

ಒಂದು ತುಂಡು ನೋಡಿ, ತಪ್ಪಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಹೇಳಿ:

“ಗ್ಯಾರೇಜಿನಲ್ಲಿಟ್ಟಿದ್ದ ಕಾಳು 10 ಡಿಗ್ರಿಯಷ್ಟು ತಣ್ಣಗಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. 72 ಡಿಗ್ರಿ ನೀರಿಗೆ ನುಚ್ಚು ಸುರಿದು, ತಿರುವಿ, ಥರ್ಮಾಮೀಟರ್ ಇಟ್ಟರೆ 63. ಗಾಬರಿಯಾಯಿತು. ಒಂದು ಕೆಟಲ್ ಕುದಿಯುವ ನೀರು ಹೊಯ್ದು 66ಕ್ಕೆ ತಂದೆ. ಗಂಟೆ ಕಳೆದು ನಲ್ಲಿ ಬಿಟ್ಟೆ. ಕಾಳುಹಾಲು ಎರಡು ಜಗ್ಗು ಇಳಿಯಿತು, ನಿಂತುಬಿಟ್ಟಿತು. ನುಚ್ಚು ಸಣ್ಣಗಾಗಿ ಹಾಸು ಕಟ್ಟಿಕೊಂಡಿತ್ತು. ಸೌಟಿನಲ್ಲಿ ಪೂರ್ತಿ ಕದಡಿ, ಹತ್ತು ನಿಮಿಷ ಕೂರಲು ಬಿಟ್ಟು, ಮೊದಲಿಂದ ಶುರು ಮಾಡಿದೆ. ಈ ಸಲ ದಾರದ ಹಾಗೆ ಸಣ್ಣಗೆ ಇಳಿಯಿತು. ಎರಡನೇ ನೀರೂ ಇಳಿದಾಗ ಮಧ್ಯಾಹ್ನ ಮೂರು. ಸಿಹಿ ಎಷ್ಟು ಇಳಿದಿದೆ ಅಂತ ತೋರಿಸುವ ಸಾಂದ್ರತೆ (ಬರೀ ನೀರಾದರೆ 1) 1.050 ಬರಬೇಕಿತ್ತು, 1.044 ಬಂತು. ಕತ್ತಲಾಗುವ ಹೊತ್ತಿಗೆ ಹೆಪ್ಪು ಹಾಕಿ ಮುಚ್ಚಿದೆ.”

ಸಕಲೇಶಪುರದಿಂದ, ಭಾನುವಾರ ಬೆಳಿಗ್ಗೆ ಆರು

‘ಸೌಟಿನಲ್ಲಿ’ ತೆಗೆಯಿರಿ. ಐದು ಕಿಲೋ ಕಾಳನ್ನು ಸೌಟಿನಲ್ಲಿ ಕದಡಲು ಆಗಲ್ಲ. ಉದ್ದ ಮರದ ಹುಟ್ಟು ಬೇಕು, ಮುದ್ದೆ ಕೋಲಿನ ಹಾಗಿರುತ್ತದೆ. ಉಳಿದದ್ದು ಸರಿ.

ಅರಸೀಕೆರೆಯಿಂದ, ಆರೂಕಾಲು

ಹೆಪ್ಪು ಒಪ್ಪಿದೆ. ಕಾಳುಹಾಲು ಒಪ್ಪಿಲ್ಲ.

ಚಿಕ್ಕಮಗಳೂರಿನಿಂದ, ಒಂಬತ್ತೂವರೆ

ಸೌಟು ಹೋಯಿತು, ಮುದ್ದೆ ಕೋಲು ಬಂತು. ಪುಟ ಕಳಿಸಿದೆ.