ಹ್ಯಾಮರ್‌ನ ಡ್ರಾಕುಲಾ 1972ರ ಲಂಡನ್ನಿಗೆ ಬಂದರೆ? ನೋಡಿದವರು ಹೇಳಿ

ನಮ್ಮನೆಯಲ್ಲಿ ಶನಿವಾರ ರಾತ್ರಿ ಹಳೇ ಹಾರರ್ ಸಿನಿಮಾ ನೋಡುವ ಚಟ ಶುರುವಾಗಿದೆ. ನಾನು, ನನ್ನ ತಮ್ಮ, ಹತ್ತನೇ ಕ್ಲಾಸಿನ ಮಗಳು. ಇಂಗ್ಲೆಂಡಿನ ಹ್ಯಾಮರ್ ಸಿನಿಮಾ ಕಂಪನಿಯ 1958ರ ‘ಡ್ರಾಕುಲಾ’ ಮೂವರಿಗೂ ಹಿಡಿಸಿತು. ಡ್ರಾಕುಲಾ ಆಗಿ ಅದೇ ಕ್ರಿಸ್ಟೋಫರ್ ಲೀ, ಅವನ ಬೆನ್ನು ಹತ್ತುವ ವ್ಯಾನ್ ಹೆಲ್ಸಿಂಗ್ ಆಗಿ ಅದೇ ಪೀಟರ್ ಕುಶಿಂಗ್ ಇದ್ದು, ಕಥೆ ಮಾತ್ರ ಎಪ್ಪತ್ತರ ದಶಕದ ಲಂಡನ್ನಿಗೆ ಬರುವ ಎರಡು ಸಿನಿಮಾ ಇವೆ ಅಂತ ಗೊತ್ತಾಯಿತು: ‘ಡ್ರಾಕುಲಾ ಎ.ಡಿ. 1972’ ಮತ್ತು ‘ದಿ ಸಟಾನಿಕ್ ರೈಟ್ಸ್ ಆಫ್ ಡ್ರಾಕುಲಾ’. ಕೋಟೆ, ಕಾಡು, ಸಾರೋಟು ಇಲ್ಲದ ಡ್ರಾಕುಲಾ ಎಂಥದ್ದು? ನಗೆಪಾಟಲು ಅಂತ ಒಬ್ಬರು ಹೇಳಿದರು. ನಡುವಿನ ಸಿನಿಮಾಗಳನ್ನೆಲ್ಲ ನೋಡಿಕೊಂಡೇ ಹೋಗಬೇಕಾ, ನೇರ ಇದಕ್ಕೇ ಹೋಗಬಹುದಾ?

— ನೇರ ಹೋಗಿ. ನಡುವಿನದ್ದು ಯಾವುದೂ ಬೇಕಿಲ್ಲ. 1872ರ ಹೈಡ್ ಪಾರ್ಕಿನಲ್ಲಿ ಓಡುವ ಸಾರೋಟಿನ ಮೇಲೆ ಲೀ ಮತ್ತು ಕುಶಿಂಗ್ ಗುದ್ದಾಡುತ್ತಾರೆ, ಮುರಿದ ಚಕ್ರದ ಕಡ್ಡಿ ಎದೆಗೆ ಚುಚ್ಚಿಕೊಂಡು ಡ್ರಾಕುಲಾ ಸಾಯುತ್ತಾನೆ, ಕಥೆ ನೂರು ವರ್ಷ ಮುಂದಕ್ಕೆ ಹಾರುತ್ತದೆ, ಅಲ್ಲಿ ಕುಶಿಂಗ್ ಅದೇ ವಂಶದ ಪ್ರೊಫೆಸರ್. ನೀವು ನೋಡಿದ 1958ರ ಕಥೆ ನಡೆಯೋದು 1885ರಲ್ಲಿ. ಅಂದರೆ ಲಂಡನ್ನಿನಲ್ಲಿ ಸತ್ತು 13 ವರ್ಷ ಆದಮೇಲೆ ಕೋಟೆಯಲ್ಲಿ ಅತಿಥಿ ಸತ್ಕಾರ! ಲೆಕ್ಕ ಹಾಕೋಕೆ ಹೋಗಬೇಡಿ.

— ನಾನು ಎ.ಡಿ. 1972 ಎರಡು ಸಲ ನೋಡಿದ್ದೇನೆ. ಮೊದಲನೇ ಸಲ ಸಿಟ್ಟು ಬಂತು, ಎರಡನೇ ಸಲ ಖುಷಿಯಾಯಿತು, ಯಾಕೆ ಅಂತ ಹೇಳ್ತೀನಿ. ಆಗ ಅಮೆರಿಕದಲ್ಲಿ ‘ಕೌಂಟ್ ಯೋರ್ಗಾ’ ಅಂತ 1970ರ ಸಿನಿಮಾ, ಲಾಸ್ ಏಂಜಲೀಸಿನಲ್ಲಿ ನಡೆಯುವ ವ್ಯಾಂಪೈರ್ ಕಥೆ, ಚೆನ್ನಾಗಿ ಓಡಿತ್ತು. ಅದನ್ನು ನೋಡಿ ನಮ್ಮದೂ ಇರಲಿ ಅಂತ ಮಾಡಿದ್ದು ಇದು. ಹಾಗಾಗಿ ಮೊದಲಿಗೆ ಒಂದು ಪಾರ್ಟಿ. ಸ್ಟೋನ್‌ಗ್ರೌಂಡ್ ಅನ್ನೋ ಬ್ಯಾಂಡು ಹಾಡ್ತಾನೇ ಇರುತ್ತೆ, ಹುಡುಗರು ಕುಣೀತಾನೇ ಇರ್ತಾರೆ, ನಾನು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ, ಇನ್ನೂ ಕುಣೀತಿದ್ರು. ಆ ಹುಡುಗರ ಮಾತಂತೂ ಮದುವೆ ಮನೆಯಲ್ಲಿ ಚಿಕ್ಕಪ್ಪ ಹುಡುಗರ ಭಾಷೆ ಆಡೋಕೆ ಹೋದ ಹಾಗಿದೆ.

ಆದರೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆಯದಕ್ಕೆ. ಡ್ರಾಕುಲಾ ಆ ಪಾಳು ಚರ್ಚು ಬಿಟ್ಟು ಹೊರಗೇ ಬರೋದಿಲ್ಲ! ನೂರು ವರ್ಷ ಆದಮೇಲೆ ಎದ್ದಿದ್ದಾನೆ, ಹೊರಗೆ ಲಂಡನ್ನಿನ ಚೆಲ್ಸಿ ಬಡಾವಣೆ, ಕಾರುಗಳು, ದೀಪಗಳು, ಇವನು ಒಂದನ್ನೂ ನೋಡುವುದಿಲ್ಲ. ಬ್ರಾಮ್ ಸ್ಟೋಕರ್ ಬರೆದ ಮೂಲ ಕಾದಂಬರಿ ಹೀಗಿರಲಿಲ್ಲ ಅಲ್ವಾ. 1897ರಲ್ಲಿ ಅದು ಹಳೇ ಕಾಲದ ಕಥೆಯೇ ಆಗಿರಲಿಲ್ಲ. ಟೈಪ್‌ರೈಟರ್, ಫೋನೋಗ್ರಾಫ್, ರೈಲಿನ ವೇಳಾಪಟ್ಟಿ, ರಕ್ತ ಕೊಡುವುದು, ಎಲ್ಲ ಅವತ್ತಿನ ಹೊಸದು. ಡ್ರಾಕುಲಾ ಲಂಡನ್ನಿನ ಪಿಕಾಡಿಲಿಯಲ್ಲೇ ಮನೆ ಕೊಳ್ತಾನೆ. ಆಧುನಿಕ ಊರಿಗೆ ಬರೋದು ಅವನಿಗೆ ಹೊಸತಲ್ಲ, ಅದೇ ಅವನ ಕಥೆ. ಹ್ಯಾಮರ್‌ನವರು ಊರನ್ನು ತಂದರು, ಅವನನ್ನು ಊರೊಳಗೆ ಬಿಡಲಿಲ್ಲ.

ಎರಡನೇ ಸಲ ಯಾಕೆ ಖುಷಿಯಾಯಿತು ಅಂದರೆ, ಹಳೇ ನಿಯಮಗಳನ್ನು ಹೊಸ ಮನೆಯೊಳಗೆ ಹೇಗೆ ತಂದಿದ್ದಾರೆ ಅಂತ ಗಮನಿಸಿದೆ. ಹರಿಯುವ ನೀರು ವ್ಯಾಂಪೈರಿಗೆ ಆಗಿಬರೋದಿಲ್ಲ, ಇದು ಹಳೇ ನಂಬಿಕೆ. ಹಳೇ ಕಥೆಯಲ್ಲಾದರೆ ಹೊಳೆ ಬೇಕು. ಇಲ್ಲಿ ಡ್ರಾಕುಲಾನ ಶಿಷ್ಯ ತನ್ನ ಫ್ಲ್ಯಾಟಿನ ಬಾತ್‌ಟಬ್ಬಿಗೆ ಬೀಳ್ತಾನೆ, ಒದ್ದಾಡುವಾಗ ಕೈ ತಗುಲಿ ಶವರ್ ತೆರೆದುಕೊಳ್ಳುತ್ತೆ, ಅಷ್ಟೇ, ಕಥೆ ಮುಗೀತು. ಮೊದಲ ಸಲ ನಕ್ಕಿದ್ದೆ. ಆಮೇಲೆ ಅನ್ನಿಸಿತು, ಇಡೀ ಸಿನಿಮಾದಲ್ಲಿ ಅತಿ ಬುದ್ಧಿವಂತ ಜಾಗ ಇದೇ.

— ಮೇಲಿನವರು ಶವರ್ ಹೇಳಿಬಿಟ್ಟರು, ಸರ್ ಸ್ವಲ್ಪ ಕಥೆ ಉಳಿಸಿ! ನಾನು ಒಂದೇ ಕಾರಣಕ್ಕೆ ನೋಡಿ ಅಂತೀನಿ, ಪೀಟರ್ ಕುಶಿಂಗ್. 1971ರ ಜನವರಿಯಲ್ಲಿ ಅವರ ಹೆಂಡತಿ ಹೆಲೆನ್ ತೀರಿಕೊಂಡಿದ್ದರು. ಆ ದುಃಖಕ್ಕೆ ಮನುಷ್ಯ ಎಷ್ಟು ಇಳಿದುಹೋದರೆಂದರೆ, ನಾಯಕಿಯ ಅಪ್ಪನ ಪಾತ್ರ ಬದಲಾಯಿಸಿ ಅಜ್ಜ ಮಾಡಿದರು. ಇದು ಗೊತ್ತಿದ್ದು ನೋಡಿದರೆ ಮೊಮ್ಮಗಳ ಜೊತೆಗಿನ ದೃಶ್ಯಗಳು ಬೇರೆ ಥರ ತಟ್ಟುತ್ತವೆ. ಸುತ್ತ ಏನೇ ಹುಚ್ಚಾಟ ನಡೆದರೂ ಅವರು ಒಂದು ಕ್ಷಣವೂ ತಮಾಷೆಗೆ ಇಳಿಯೋದಿಲ್ಲ. ಶಿಷ್ಯನ ಹೆಸರು ಅಲುಕಾರ್ಡ್. ಕುಶಿಂಗ್ ಇಂಗ್ಲಿಷಿನಲ್ಲಿ ಆ ಅಕ್ಷರಗಳನ್ನು ಬರೆದು, ಒಂದೊಂದಕ್ಕೂ ಗೆರೆ ಎಳೆದು, ತಿರುಗಿಸಿದರೆ ಡ್ರಾಕುಲಾ ಅಂತ ಕಂಡುಹಿಡೀತಾರೆ. ವಂಶಪಾರಂಪರ್ಯವಾಗಿ ಇದನ್ನೇ ಓದಿದ ಪ್ರೊಫೆಸರಿಗೆ ಇದಕ್ಕೆ ಕಾಗದ ಪೆನ್ನು ಬೇಕಾ ಅನ್ನಿಸುತ್ತೆ ನಿಜ. ಆದರೂ ಅವರು ಮಾಡುವಾಗ ನಂಬಿಬಿಡ್ತೀವಿ.

— ಎರಡನೆಯದರ ಬಗ್ಗೆ ಯಾರೂ ಹೇಳಲಿಲ್ಲ. 1973ರದ್ದು, ನಿರ್ದೇಶಕರು ಎ.ಡಿ. 1972 ಮಾಡಿದ ಅದೇ ಅಲನ್ ಗಿಬ್ಸನ್. ಇಲ್ಲಿ ಡ್ರಾಕುಲಾ ಕೊನೆಗೂ ಹೊರಗೆ ಬಂದಿದ್ದಾನೆ, ಡೆನ್‌ಹ್ಯಾಮ್ ಅನ್ನೋ ಹೆಸರಿನಲ್ಲಿ ದೊಡ್ಡ ಬಿಲ್ಡರ್! ಮುಖ ಕಾಣಿಸದ ಹಾಗೆ ದೀಪ ಇಟ್ಟುಕೊಂಡು ಆಫೀಸಿನಲ್ಲಿ ಕೂತಿರ್ತಾನೆ. ಭೂಮಿ ನುಂಗುವವನು, ರಕ್ತ ಹೀರುವವನು ಒಬ್ಬನೇ, ಬೆಂಗಳೂರಿನಲ್ಲಿ ಸೈಟು ತಗೊಂಡವರಿಗೆ ವಿವರಿಸಬೇಕಾಗಿಲ್ಲ. ಐಡಿಯಾ ಮೊದಲನೆಯದಕ್ಕಿಂತ ಎಷ್ಟೋ ವಾಸಿ, ಸಿನಿಮಾ ಅಷ್ಟು ವಾಸಿಯಿಲ್ಲ. ಅರ್ಧ ಹೊತ್ತು ಗೂಢಚಾರರ ಸಿನಿಮಾ, ಪ್ಲೇಗು ಹರಡುವ ಸಂಚು, ಬೈಕ್ ಓಡಿಸುವ ಕಾವಲುಗಾರರು. ನೀರಿನ ಉಪಾಯ ಇಲ್ಲೂ ಇದೆ, ನೆಲಮಾಳಿಗೆಯಲ್ಲಿ ಬೆಂಕಿ ಆರಿಸೋಕೆ ಹಾಕಿದ ಸ್ಪ್ರಿಂಕ್ಲರ್ ಗಮನಿಸಿ. ಇದಾದ ಮೇಲೆ ಲೀ ಹ್ಯಾಮರ್‌ಗೆ ಮತ್ತೆ ಡ್ರಾಕುಲಾ ಆಗಲಿಲ್ಲ.

ಎರಡು ಎಚ್ಚರಿಕೆ. ಇದರ ಕೆಟ್ಟ ಕಾಪಿಗಳು ಬಹಳ ಓಡಾಡುತ್ತಿವೆ, ಕತ್ತಲೆ ದೃಶ್ಯದಲ್ಲಿ ಏನೂ ಕಾಣೋದಿಲ್ಲ. ನಾನು ಮೊದಲು ಅಂಥದ್ದನ್ನೇ ನೋಡಿ ಕ್ಯಾಮೆರಾದವರನ್ನು ಬೈದಿದ್ದೆ, ಪಾಪ. ಇನ್ನೊಂದು, ಶುರುವಿನಲ್ಲೇ ಬೆತ್ತಲೆ ದೃಶ್ಯ ಇದೆ. ಮಗಳ ಜೊತೆ ಕೂತು ನೋಡೋದಾದರೆ ಎ.ಡಿ. 1972 ಸಾಕು, ಅದನ್ನೂ ನೀವು ಮೊದಲು ಒಮ್ಮೆ ನೋಡಿಟ್ಟುಕೊಳ್ಳಿ.

— ಆಧುನಿಕ ಡ್ರಾಕುಲಾ ಅಂದರೆ 2020ರ ಬಿಬಿಸಿ ಸರಣಿಯನ್ನೂ ನೋಡಿ. ಮೂರೇ ಕಂತು, ಮೂರನೆಯದು ಇವತ್ತಿನ ಕಾಲದಲ್ಲಿ ನಡೆಯುತ್ತೆ. ಅಲ್ಲಿಗೆ ಕೆಟ್ಟಿತು ಅಂತ ತುಂಬಾ ಜನ ಬೈದರು. ನನಗೆ ಅದೇ ಇಷ್ಟ. ಫ್ರಿಜ್ಜು ನೋಡಿ ಬೆರಗಾಗೋ ಡ್ರಾಕುಲಾ ಬೇಕಿತ್ತು ನನಗೆ, ಚರ್ಚಿನಲ್ಲಿ ನಿಂತು ಕಣ್ಣು ಕೆಂಪಗೆ ಮಾಡುವವನಲ್ಲ.

— ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಎ.ಡಿ. 1972, ಶುಕ್ರವಾರವೇ ನಾನು ಒಬ್ಬಳೇ ನೋಡಿಟ್ಟುಕೊಳ್ತೀನಿ. ಅಲುಕಾರ್ಡ್ ವಿಷಯ ಓದಿ ಮಗಳು ಕನ್ನಡದಲ್ಲಿ ತಿರುಗಿಸಿ ಬರೆದಳು, ‘ಲಾಕುಡ್ರಾ’ ಅಂತ ಬಂತು. ಈ ಹೆಸರು ಇಟ್ಟುಕೊಂಡಿದ್ದರೆ ಯಾವ ಪ್ರೊಫೆಸರಿಗೂ ಸಿಕ್ಕಿಬೀಳ್ತಿರಲಿಲ್ಲ ಅಂತಾಳೆ.