ಸೋಲಾರ್ ಸಬ್ಸಿಡಿ ನಂಬಿ ಹಣ ಹಾಕಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ: ಮನೆ ತಾರಸಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸೋಣ ಅಂತಿದ್ದೇನೆ. ಬಂದ ಏಜೆಂಟರೆಲ್ಲ "ಸಬ್ಸಿಡಿ ಈ ತಿಂಗಳಿಗೇ ಮುಗಿಯುತ್ತೆ, ಇವತ್ತೇ ಅಡ್ವಾನ್ಸ್ ಕೊಡಿ" ಅಂತ ಕೂತಿದ್ದಾರೆ. ಎರಡು ಲಕ್ಷ ಹಾಕಿದ ಮೇಲೆ ಸರ್ಕಾರ ನಿಯಮ ಬದಲಾಯಿಸಿದರೆ ಏನು ಗತಿ? ಊರಲ್ಲಿ ಅಪ್ಪನ ಜಮೀನನ್ನೂ ಒಂದು ಕಂಪನಿಯವರು ಸೋಲಾರ್‌ಗೆ ಗುತ್ತಿಗೆ ಕೇಳುತ್ತಿದ್ದಾರೆ. ಅದರ ಬಗ್ಗೆಯೂ ಗೊತ್ತಿದ್ದವರು ಹೇಳಿ.

ಮೈಸೂರಿನಿಂದ: ಗಡಿಬಿಡಿ ಬೇಡ. ಈ ಸಬ್ಸಿಡಿ ಕೊಡೋ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಶುರುವಾಗಿದ್ದು 2024ರ ಫೆಬ್ರವರಿಯಲ್ಲಿ. 2026-27ರ ತನಕ ನಡೆಯುತ್ತೆ ಅಂತ ಆಗಲೇ ಹೇಳಿದ್ದಾರೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಆ ದುಡ್ಡು ಮೀಟರ್ ಕೂತು ಕನೆಕ್ಷನ್ ಆದ ಮೇಲೆ ನಿಮ್ಮ ಖಾತೆಗೇ ಬರೋದು. ಅಲ್ಲಿಯವರೆಗೆ ಪೂರ್ತಿ ಹಣ ನಿಮ್ಮ ಕೈಯಿಂದಲೋ ಸಾಲದಿಂದಲೋ ಹೋಗಬೇಕು.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಕರೆಂಟ್ ಬಿಲ್. ನಮ್ಮ ಅಕ್ಕನ ಮನೆಯಲ್ಲಿ ತಿಂಗಳಿಗೆ ನೂರು ಚಿಲ್ಲರೆ ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಬಿಲ್ ಸೊನ್ನೆ. ಅವಳು ಸೋಲಾರ್ ಹಾಕಿಸಿ ಏನು ಉಳಿಸಬೇಕು ಹೇಳಿ? ಕೇಂದ್ರ ಸರ್ಕಾರ ದುಡ್ಡು ಕೊಟ್ಟು ಹಾಕಿಸಿ ಅನ್ನುತ್ತೆ, ರಾಜ್ಯ ಸರ್ಕಾರ ಪುಕ್ಕಟೆ ಕರೆಂಟ್ ಕೊಟ್ಟು ಅದರ ಅಗತ್ಯವೇ ಇಲ್ಲದ ಹಾಗೆ ಮಾಡುತ್ತೆ. ನಮ್ಮ ಮನೆಯದು 200 ಯೂನಿಟ್ ದಾಟುತ್ತೆ. ದಾಟಿದರೆ ಪೂರ್ತಿ ಬಿಲ್ ಕಟ್ಟಲೇಬೇಕು. ಹಾಗಾಗಿ ನಮಗೆ ಲೆಕ್ಕ ಕೂಡಿಬಂತು. ನಿಮ್ಮದು ಯಾವ ಕಡೆ ಬರುತ್ತೆ ಅಂತ ಒಂದು ವರ್ಷದ ಬಿಲ್ ಎದುರಿಗಿಟ್ಟುಕೊಂಡು ನೋಡಿ.

ತುಮಕೂರು ಜಿಲ್ಲೆಯಿಂದ: "ನಿಯಮ ಬದಲಾದರೆ" ಅಂತ ಕೇಳಿದಿರಲ್ಲ, ನಾವು ಅದನ್ನು ಕಣ್ಣಾರೆ ಕಂಡವರು. 2013ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಚಾವಣಿ ಸೋಲಾರ್‌ನಿಂದ ವಿದ್ಯುತ್ ಕಂಪನಿಗೆ ಮಾರುವ ಕರೆಂಟ್‌ಗೆ ಯೂನಿಟ್‌ಗೆ 9.56 ರೂಪಾಯಿ ದರ ಕೊಟ್ಟಿತ್ತು, ಸಬ್ಸಿಡಿ ತೆಗೆದುಕೊಳ್ಳದವರಿಗೆ. ಅದೂ 25 ವರ್ಷದ ಒಪ್ಪಂದ! ಸುದ್ದಿ ಹಬ್ಬಿದ್ದೇ ತಡ, ಎಲ್ಲರ ಕಣ್ಣೂ ಕೋಳಿ ಫಾರಂ ಶೆಡ್ಡುಗಳ ದೊಡ್ಡ ಚಾವಣಿಗಳ ಮೇಲೆ ಬಿತ್ತು. ಮಾರುಕಟ್ಟೆ ಅನ್ನೋದು ಹುಟ್ಟಿದ್ದೇ ಆ ಒಂದು ಆದೇಶದಿಂದ.

ನಮ್ಮ ಭಾವನವರು ಬೇಗ ಕೆಲಸ ಮುಗಿಸಿ ಕನೆಕ್ಷನ್ ತಗೊಂಡರು. ಅವರಿಗೆ ಇವತ್ತಿಗೂ 9.56ರಂತೆ ಬರುತ್ತಿದೆ. ಪಕ್ಕದ ತೋಟದವರು ಹಾಕಿದ್ದೂ ಅದೇ ಪ್ಯಾನೆಲ್, ಬೀಳೋದೂ ಅದೇ ಬಿಸಿಲು. ಆದರೆ ಅವರಿಗೆ ಟ್ರಾನ್ಸ್‌ಫಾರ್ಮರ್ ಮಂಜೂರಾತಿ ಸಿಗೋದು ತಡವಾಯಿತು, ಅಷ್ಟರಲ್ಲಿ 2016 ಬಂತು, ಆಯೋಗ ದರ ಇಳಿಸಿತು. ಬ್ಯಾಂಕಿನವರು ಸಾಲ ಕೊಟ್ಟಿದ್ದು ಹಳೇ ದರದ ಲೆಕ್ಕದಲ್ಲಿ, ಕೈಗೆ ಬರೋದು ಹೊಸ ದರ. ಆ ಮನೆಯವರು ಕಂತು ಕಟ್ಟೋಕೆ ಪಟ್ಟ ಪಾಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಪ್ಯಾನೆಲ್ ಅಗ್ಗವಾದಾಗ ದರ ಇಳಿಸೋದು ಸರಿಯೇ. ಅರ್ಜಿ ಹಾಕಿ, ಸಾಲ ಮಾಡಿ, ಕಚೇರಿಯಿಂದಲೇ ತಡವಾಗಿ ಕಾಯುತ್ತಿದ್ದವರನ್ನು ಅದರಲ್ಲಿ ಸೇರಿಸಿದ್ದು ಖಂಡಿತ ಸರಿಯಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಅರ್ಜಿ ಹಾಕಿದ ದಿನವನ್ನು ನಂಬಬೇಡಿ, ಕನೆಕ್ಷನ್ ಆದ ದಿನ ನೋಡಿ. ಒಪ್ಪಂದದಲ್ಲಿ ದರ ಎಷ್ಟು, ಎಷ್ಟು ವರ್ಷಕ್ಕೆ ಅಂತ ಓದದೆ ಸಹಿ ಹಾಕಬೇಡಿ. ಈಗ ಹೆಚ್ಚುವರಿ ಯೂನಿಟ್‌ಗೆ ಸಿಗೋದು ಆ ಹಳೇ ದರದ ಅರ್ಧವೂ ಇಲ್ಲ. ಮಾರಿ ದುಡ್ಡು ಮಾಡೋ ಆಸೆಗೆ ದೊಡ್ಡದು ಹಾಕಿಸಬೇಡಿ, ಮನೆಗೆ ಬೇಕಾದಷ್ಟೇ ಹಾಕಿಸಿ.

ಹುಬ್ಬಳ್ಳಿಯಿಂದ, ಸೋಲಾರ್ ಅಳವಡಿಕೆ ಕೆಲಸ ಮಾಡುವವರು: ನಮ್ಮ ಕೆಲಸದಲ್ಲಿ ವರ್ಷ ಅಂದರೆ ಮಾರ್ಚ್ ತಿಂಗಳು. 2018ರ ಮಾರ್ಚ್ 31ರೊಳಗೆ ಶುರುವಾದ ಸೋಲಾರ್ ಘಟಕಗಳಿಗೆ ರಾಜ್ಯದಲ್ಲಿ ವೀಲಿಂಗ್ (ಸರ್ಕಾರಿ ಲೈನಿನಲ್ಲಿ ಕರೆಂಟ್ ಸಾಗಿಸೋದು), ಬ್ಯಾಂಕಿಂಗ್ (ಹೆಚ್ಚಾದ ಕರೆಂಟ್ ಲೈನಿಗೆ ಕೊಟ್ಟು ಆಮೇಲೆ ವಾಪಸ್ ಪಡೆಯೋದು) ಶುಲ್ಕ ಹತ್ತು ವರ್ಷ ಮಾಫಿ ಅಂತ ಇತ್ತು. ಆ ಮಾರ್ಚ್‌ನಲ್ಲಿ ಸ್ಟ್ರಕ್ಚರ್ ಹುಡುಗರು ಸಿಗಲಿಲ್ಲ, ಕ್ರೇನ್ ಸಿಗಲಿಲ್ಲ. ಸೋಲಾರ್‌ನಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಯಿತು. ಏಪ್ರಿಲ್‌ನಲ್ಲಿ ಫೋನೇ ಇಲ್ಲ. ಗಾಳಿಯಂತ್ರದವರ ಕಥೆಯೂ ಇದೇ. 2012ರಲ್ಲಿ ಕೇಂದ್ರ ತೆರಿಗೆ ರಿಯಾಯಿತಿ ತೆಗೆದಾಗ ಹೊಸ ಅಳವಡಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು, 2014ರಲ್ಲಿ ರಿಯಾಯಿತಿ ವಾಪಸ್ ಕೊಟ್ಟರು.

ಪ್ಯಾನೆಲ್ ರೇಟೂ ಹಾಗೇ. 2022ರ ಏಪ್ರಿಲ್‌ನಲ್ಲಿ ಹೊರದೇಶದ ಪ್ಯಾನೆಲ್ ಮೇಲೆ 40% ಸುಂಕ ಬಂತು. ಜಿಎಸ್‌ಟಿ 2021ರಲ್ಲಿ 5ರಿಂದ 12%ಗೆ ಏರಿ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 5%ಗೆ ಬಂತು. ಸಬ್ಸಿಡಿ ಬೇಕು ಅಂದರೆ ಸೆಲ್ಲೂ ಪ್ಯಾನೆಲ್ಲೂ ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ನಾವು ಅದಕ್ಕೆ ಡಿಸಿಆರ್ ಪ್ಯಾನೆಲ್ ಅಂತೀವಿ, ಬೆಲೆ ಸ್ವಲ್ಪ ಜಾಸ್ತಿ. ಯಾರಾದರೂ ತೀರಾ ಕಡಿಮೆ ರೇಟ್ ಹೇಳಿದರೆ "ಡಿಸಿಆರ್ ಹೌದಾ, ಕೊಟೇಶನ್‌ನಲ್ಲಿ ಬರೆದುಕೊಡಿ" ಅಂತ ಕೇಳಿ. ಅಲ್ಲದಿದ್ದರೆ 78,000 ಬರೋದಿಲ್ಲ, ಆಮೇಲೆ ಏಜೆಂಟ್ ಫೋನೂ ಎತ್ತೋದಿಲ್ಲ.

ಜರ್ಮನಿಯಲ್ಲಿರುವ ಕನ್ನಡಿಗರಿಂದ: ಇಲ್ಲಿ 2000ದ ಕಾನೂನಿನಲ್ಲಿ ಸೋಲಾರ್ ಕರೆಂಟ್ ಮಾರುವ ದರ 20 ವರ್ಷಕ್ಕೆ ಖಚಿತ. ಹೊಸದಾಗಿ ಬರುವವರಿಗೆ ಕಡಿಮೆ ಆಗುತ್ತಾ ಹೋಯಿತು, ಹಾಕಿಸಿದವರದ್ದನ್ನು ಮುಟ್ಟಲಿಲ್ಲ. ಸ್ಪೇನ್‌ನಲ್ಲಿ 2007-08ರಲ್ಲಿ ಜಾಸ್ತಿ ದರ ಕೊಟ್ಟು, ಜನ ಮುಗಿಬಿದ್ದ ಮೇಲೆ ಹಳಬರ ದುಡ್ಡಿಗೂ ಕತ್ತರಿ ಹಾಕಿದರು. ಅಲ್ಲಿ ವರ್ಷಗಟ್ಟಲೆ ಹೊಸ ಸೋಲಾರ್ ಕೆಲಸ ನಿಂತೇಹೋಯಿತು. ದರ ಎಷ್ಟು ಅನ್ನೋದಕ್ಕಿಂತ ಕೊಟ್ಟ ಮಾತು ಉಳಿಯುತ್ತಾ ಅನ್ನೋದೇ ದೊಡ್ಡದು.

ಪಾವಗಡದಿಂದ: ಜಮೀನಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಜಮೀನು ಖರೀದಿ ಮಾಡಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000ದಿಂದ ಶುರು, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕುತ್ತಿದ್ದ ನಮ್ಮಂಥವರಿಗೆ ಅದು ಜೀವ ಕೊಟ್ಟಿತು. ಆದರೆ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರಿಗೆ ಗುತ್ತಿಗೆ ದುಡ್ಡು ಬರೋದಿಲ್ಲ, ಕೆಲಸವೂ ಹೋಯಿತು. ಕುರಿ ಮೇಯಿಸುವವರಿಗೂ ಜಾಗ ಇಲ್ಲದಾಯಿತು.

ಪಾರ್ಕ್‌ನಲ್ಲಿ ನಡುವೆ ಸರ್ಕಾರಿ ಸಂಸ್ಥೆ ಇದೆ. ಖಾಸಗಿ ಕಂಪನಿ ನೇರವಾಗಿ ಬಂದರೆ ಎಲ್ಲ ನೀವೇ ನೋಡಿಕೊಳ್ಳಬೇಕು. ಏರಿಕೆ ಎಷ್ಟು, ಕಂಪನಿ ಕೈ ಬದಲಾದರೆ ದುಡ್ಡು ಯಾರು ಕೊಡುತ್ತಾರೆ, ಗುತ್ತಿಗೆ ಮುಗಿದ ಮೇಲೆ ಕಾಂಕ್ರೀಟ್ ಕಿತ್ತು ಹೊಲ ಸಮ ಮಾಡಿಕೊಡುವವರು ಯಾರು, ಇಷ್ಟನ್ನೂ ಕನ್ನಡದಲ್ಲೇ ಪತ್ರದಲ್ಲಿ ಬರೆಸಿ. ನೋಂದಣಿಗೆ ಮುಂಚೆ ಅಪ್ಪನವರನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿ.