ಪದಚರ್ಚೆ: ‘ಪೇ-ಪರ್-ವ್ಯೂ’ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆ ರೆಕಾರ್ಡಿಂಗ್ ಇದೆ

ಬೆಂಗಳೂರು, ಬೆಳಿಗ್ಗೆ 10.40

ಎಲ್ಲರಿಗೂ ನಮಸ್ಕಾರ.

ಬಾಕ್ಸಿಂಗ್ ಮತ್ತು ಮಿಶ್ರ ಸಮರಕಲೆಯ ಟಿವಿ ವ್ಯವಹಾರದ ಬಗ್ಗೆ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ನಿರೂಪಣೆ ಬರೆಯುತ್ತಿದ್ದೇನೆ. ನಾಳೆ ಒಂಬತ್ತಕ್ಕೆ ಕಂಠದಾನದವರು ಸ್ಟುಡಿಯೊಗೆ ಬರುತ್ತಾರೆ. ಹದಿನಾಲ್ಕು ಪುಟ ಮುಗಿದಿವೆ. ಒಂದೇ ಪದಕ್ಕೆ ಹನ್ನೊಂದು ಕಡೆ ಜಾಗ ಖಾಲಿ ಬಿಟ್ಟಿದ್ದೇನೆ: ಪೇ-ಪರ್-ವ್ಯೂ. ಅಂದರೆ ಒಂದೊಂದು ಕಾಳಗಕ್ಕೂ ಬೇರೆಯಾಗಿ ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವ ಪದ್ಧತಿ.

ಸಿಕ್ಕಿಕೊಂಡಿರುವ ವಾಕ್ಯ ಇದು (ಯುಎಫ್‌ಸಿ ಮಿಶ್ರ ಸಮರಕಲೆಯ ಕಾಳಗಗಳನ್ನು ನಡೆಸುವ ಕಂಪನಿ, ಪ್ಯಾರಾಮೌಂಟ್ ಮಾಧ್ಯಮ ಕಂಪನಿ): “2025ರ ಆಗಸ್ಟ್‌ನಲ್ಲಿ ಯುಎಫ್‌ಸಿಯು ಪ್ಯಾರಾಮೌಂಟ್ ಜೊತೆ ಏಳು ವರ್ಷಕ್ಕೆ 770 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2026ರಿಂದ ಅಮೆರಿಕದಲ್ಲಿ ____ ಇಲ್ಲ.” ಅಲ್ಲಿಯವರೆಗೆ ಇಎಸ್‌ಪಿಎನ್ ಪ್ಲಸ್ ಎಂಬ ಕ್ರೀಡಾ ಸ್ಟ್ರೀಮಿಂಗ್ ಸೇವೆಗೆ ಚಂದಾ ಕಟ್ಟಿದವರೂ ದೊಡ್ಡ ಕಾಳಗದ ರಾತ್ರಿ ಮತ್ತೆ 79.99 ಡಾಲರ್ ಕೊಟ್ಟೇ ನೋಡಬೇಕಿತ್ತು. ಚಂದಾ ಬೇರೆ, ಇದು ಬೇರೆ ಅನ್ನುವುದು ಪದದಲ್ಲೇ ಕೇಳಿಸಬೇಕು. ಪರದೆಯ ಮೇಲೆ ಒಂದು ಪಟ್ಟಿಯಲ್ಲೂ ಬರುತ್ತದೆ. ಅಲ್ಲಿ ಹತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

‘ಅಂಡರ್‌ಕಾರ್ಡ್’ಗೂ, ಅಂದರೆ ಮುಖ್ಯ ಕಾಳಗಕ್ಕೆ ಮುಂಚೆ ನಡೆಯುವ ಪಂದ್ಯಗಳಿಗೂ, ಏನಾದರೂ ಹೊಳೆದರೆ ತಿಳಿಸಿ. ಅದು ಎರಡೇ ಕಡೆ ಇದೆ.

ಮೈಸೂರು, 11.15

ಪ್ರತಿವೀಕ್ಷಣ ಶುಲ್ಕ. ಅಂಡರ್‌ಕಾರ್ಡಿಗೆ ಉಪಪಂದ್ಯಗಳು.

ಇಂಥ ಕಡೆ ಸಂಸ್ಕೃತದ ಧಾತು, ಉಪಸರ್ಗಗಳನ್ನು ಬಿಟ್ಟು ಬೇರೆ ದಾರಿಯಿಲ್ಲ. 1935ರಲ್ಲಿ ನಮ್ಮ ಊರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ್ದಾಯಿತು. ಮೊದಲ ದಿನ ಆ ಹೆಸರೂ ಹೊಸದೇ ಆಗಿತ್ತು. ಬಳಸಿದರೆ ಬಳಕೆಗೆ ಬರುತ್ತದೆ.

ತುಮಕೂರು, 11.50

ಅಕ್ಕ, ‘ನೋಡುಗಾಸು’ ಅನ್ನಿ. ನಾಲ್ಕೇ ಅಕ್ಷರ. ಪುಡಿಗಾಸು, ಬಿಡಿಗಾಸು ಹೇಗೋ ಹಾಗೆ.

‘ಪ್ರತಿವೀಕ್ಷಣ ಶುಲ್ಕ’ವನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಎರಡನೇ ಸಲ ನೋಡಿದರೆ ಕೊಡುವ ದುಡ್ಡಾ ಎಂದು ಅಮ್ಮ ಕೇಳಿದರು. ಕಾಸು ಅಪ್ಪಟ ನಮ್ಮ ಸೊಲ್ಲು. ಇಂಗ್ಲಿಷಿನವರ ‘ಕ್ಯಾಷ್’ ಹುಟ್ಟಿದ್ದೇ ಇದರಿಂದ. ನಮ್ಮಿಂದ ಹೋದದ್ದನ್ನು ನಾವು ಬಳಸಲು ಏಕೆ ಹಿಂಜರಿಯಬೇಕು? ಮಿಶ್ರ ಸಮರಕಲೆಯನ್ನೂ ‘ಬೆರಕೆ ಕಾಳಗ’ ಮಾಡಿಬಿಡಿ.

ಮೈಸೂರು, 12.05

ತಪ್ಪು. ಇಂಗ್ಲಿಷಿನಲ್ಲಿ ಕ್ಯಾಷ್ ಎರಡಿವೆ. ನಗದು ಎಂಬ ಅರ್ಥದ್ದು ಲ್ಯಾಟಿನ್ನಿನ ಕಾಪ್ಸ, ಅಂದರೆ ಪೆಟ್ಟಿಗೆ. ಇಟಾಲಿಯನ್, ಫ್ರೆಂಚ್ ದಾಟಿ ಬಂದದ್ದು. ಪೂರ್ವದೇಶಗಳ ಸಣ್ಣ ನಾಣ್ಯಕ್ಕೆ ಹೇಳುತ್ತಿದ್ದ ಕ್ಯಾಷ್ ಮಾತ್ರ ತಮಿಳಿನ ಕಾಸು, ಪೋರ್ಚುಗೀಸರ ಬಾಯಿಂದ ಹೋದದ್ದು. ಉಚ್ಚಾರಣೆ ಒಂದಾದ ಮಾತ್ರಕ್ಕೆ ಹುಟ್ಟು ಒಂದಾಗುವುದಿಲ್ಲ.

‘ನೋಡುಗಾಸು’ ಯಾರೂ ಆಡಿದ್ದಲ್ಲ. ‘ಬೆರಕೆ’ ಎಂದರೆ ಎಣ್ಣೆಗೆ ಎಣ್ಣೆ ಕಲಸಿದ್ದು ಎಂದೇ ಜನ ತಿಳಿಯುತ್ತಾರೆ.

ತುಮಕೂರು, 12.12

‘ಪ್ರತಿವೀಕ್ಷಣ’ವನ್ನು ಯಾರು ಆಡಿದ್ದಾರೆ, ಮೇಷ್ಟ್ರೇ?

ಧಾರವಾಡ, ಮಧ್ಯಾಹ್ನ 2.30

ತಂಗಿ, ನಾನು ಇಪ್ಪತ್ತಾರು ವರ್ಷ ಪತ್ರಿಕೆಯ ಕ್ರೀಡಾಪುಟದಲ್ಲಿ ಕೂತವನು. ಆ ಖಾಲಿ ಜಾಗದಲ್ಲಿ ಇವರಿಬ್ಬರ ಪದಗಳನ್ನೂ ಇಟ್ಟು ಓದ್ರಿ. “2026ರಿಂದ ಅಮೆರಿಕದಲ್ಲಿ ಪ್ರತಿವೀಕ್ಷಣ ಶುಲ್ಕ ಇಲ್ಲ.” “ನೋಡುಗಾಸು ಇಲ್ಲ.” ಕೇಳಿದವರಿಗೆ ಪುಕ್ಕಟೆ ಅಂತ ಅನ್ನಿಸುತ್ತದೆ. ಪುಕ್ಕಟೆ ಅಲ್ಲ, ತಿಂಗಳ ಚಂದಾ ಕಟ್ಟಲೇಬೇಕು. ಎರಡೂ ಪದಗಳು ದುಡ್ಡಿಗೆ ಹೆಸರಿಟ್ಟಿವೆ. ಪೇ-ಪರ್-ವ್ಯೂ ದುಡ್ಡಿನ ಹೆಸರಲ್ಲ, ಮಾರುವ ರೀತಿಯ ಹೆಸರು.

‘ವೀಕ್ಷಣೆ’, ‘ನೋಡು’ ಸಹ ಸರಿಯಿಲ್ಲ. 2015ರ ಮೇ 2ರಂದು ಮೇವೆದರ್–ಪಾಕಿಯಾವ್ ಬಾಕ್ಸಿಂಗ್ ಕಾಳಗ ನಡೆದಾಗ ಎಚ್‌ಬಿಒ, ಶೋಟೈಮ್ ಎಂಬ ಬದ್ಧ ಎದುರಾಳಿ ವಾಹಿನಿಗಳು ಕೂಡಿ ಪ್ರಸಾರ ಮಾಡಿದವು. ಹೆಚ್ಚೂಕಡಿಮೆ ನೂರು ಡಾಲರಿನಂತೆ 46 ಲಕ್ಷ ಖರೀದಿ ಆಯಿತು. ನೋಡಿದವರು 46 ಲಕ್ಷವೇ? ಒಬ್ಬ ದುಡ್ಡು ಕೊಟ್ಟು ಹತ್ತು ಜನ ಗೆಳೆಯರನ್ನು ಕೂಡಿಸಿಕೊಂಡು ನೋಡುವುದೇ ಅಲ್ಲಿನ ರೂಢಿ. ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಇಲ್ಲಿಲ್ಲ, ಆಟಕ್ಕೆ ಇಷ್ಟು ಅಂತ ಅಷ್ಟೇ. ಇಂಗ್ಲಿಷಿನ ಹೆಸರೇ ಸಡಿಲ. ಅದನ್ನು ಅಕ್ಷರಕ್ಕೆ ಅಕ್ಷರ ಇಳಿಸಿದರೆ ಸಡಿಲವೂ ಜೊತೆಗೇ ಬರುತ್ತದೆ.

ಇದರ ಹುಟ್ಟು ನೋಡಿದರೆ ಪದ ತಾನೇ ಸಿಗುತ್ತದೆ. 1971ರ ಮಾರ್ಚ್ 8, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಮುಹಮ್ಮದ್ ಅಲಿ–ಜೋ ಫ್ರೇಜಿಯರ್ ಮೊದಲ ಕಾಳಗ. ಅಮೆರಿಕದ ಮನೆಗಳ ಟಿವಿಯಲ್ಲಿ ನೇರಪ್ರಸಾರವೇ ಇರಲಿಲ್ಲ. ಊರೂರ ಚಿತ್ರಮಂದಿರಗಳಿಗೆ ತಂತಿ ಎಳೆದು ದೊಡ್ಡ ಪರದೆಯ ಮೇಲೆ ತೋರಿಸಿದರು. ಜನ ಸಿನಿಮಾಕ್ಕೆ ನಿಂತಂತೆ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡು ಒಳಗೆ ಹೋದರು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ–ಫೋರ್‌ಮನ್ ಕಾಳಗ ನಸುಕಿನ ನಾಲ್ಕು ಗಂಟೆಗೆ ನಡೆದದ್ದೂ ಅಮೆರಿಕದ ಚಿತ್ರಮಂದಿರಗಳಲ್ಲಿ ಆಗ ರಾತ್ರಿ ಆಟದ ಹೊತ್ತು ಅಂತಲೇ. ಮರುವರ್ಷ ಮನಿಲಾದಲ್ಲಿ ನಡೆದ ಅಲಿ–ಫ್ರೇಜಿಯರ್ ಮೂರನೇ ಕಾಳಗವನ್ನು ಎಚ್‌ಬಿಒ ಉಪಗ್ರಹದಿಂದ ತನ್ನ ಚಂದಾದಾರರ ಮನೆಗೆ ಮುಟ್ಟಿಸಿತು. ಟಿಕೆಟ್ ಮತ್ತು ಚಂದಾ ಆವಾಗಿನಿಂದಲೇ ಎರಡು ಬೇರೆ ದಾರಿಗಳು. ಮುಂದೆ ತಂತಿ ಚಿತ್ರಮಂದಿರದಿಂದ ಮನೆಗೆ ಬಂತು. ಟಿಕೆಟ್ಟು ಟಿಕೆಟ್ಟಾಗಿಯೇ ಉಳಿಯಿತು.

ಕನ್ನಡದ ಯಾವ ವಾರಪತ್ರಿಕೆಯ ಒಳಪುಟ ತೆರೆದರೂ ಅಚ್ಚಾಗಿರುತ್ತದೆ: ಬಿಡಿ ಪ್ರತಿ ಇಷ್ಟು, ವಾರ್ಷಿಕ ಚಂದಾ ಇಷ್ಟು. ಚಂದಾಕ್ಕೆ ಎದುರು ನಿಲ್ಲುವ ಪದ ನಮ್ಮಲ್ಲಿ ಮೊದಲಿನಿಂದಲೂ ‘ಬಿಡಿ’. ಆದ್ದರಿಂದ ಬಿಡಿ ಟಿಕೆಟ್. “2026ರಿಂದ ಬಿಡಿ ಟಿಕೆಟ್ ಇಲ್ಲ” ಅಂದರೆ ಪುಕ್ಕಟೆ ಅಂತ ಯಾರೂ ತಿಳಿಯುವುದಿಲ್ಲ. ಬಸ್ಸಿನಲ್ಲಿ ಪಾಸು ಇದ್ದವರಿಗೆ ಟಿಕೆಟ್ ಬೇಡ ಎಂಬುದು ಎಲ್ಲರಿಗೂ ಗೊತ್ತು.

ಇನ್ನು ಅಂಡರ್‌ಕಾರ್ಡ್. ನಮ್ಮ ಕಡೆ ಜಾತ್ರೆಯ ಕುಸ್ತಿ ಕರಪತ್ರ ನೋಡಿದ್ದೀರಾ? ತೆಳು ಬಣ್ಣದ ಕಾಗದ, ಮೇಲೆ ದೇವರ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ನಂ. 1 ಕುಸ್ತಿ’, ಎಡಕ್ಕೊಬ್ಬ ಬಲಕ್ಕೊಬ್ಬ ಪೈಲ್ವಾನ, ಅವರವರ ಊರು, ನಡುವೆ ರೊಕ್ಕ. ಕೆಳಗಿಳಿದಂತೆ ಅಕ್ಷರ ಸಣ್ಣದು, ರೊಕ್ಕವೂ ಸಣ್ಣದು. ಆಡುವಾಗ ಮಾತ್ರ ಕೆಳಗಿನಿಂದ ಮೇಲೆ: ಮೊದಲು ಹುಡುಗರ ಜೋಡಿ, ಹೊತ್ತು ಇಳಿಯುವಾಗ ಒಂದನೇ ನಂಬರ್. ಯುಎಫ್‌ಸಿಯ ಕಾರ್ಡ್ ಅಂದರೆ ಇದೇ ಕರಪತ್ರ. ಅವರ ಮ್ಯಾಚ್‌ಮೇಕರ್ ಮಾಡುವ ಕೆಲಸಕ್ಕೂ ಮೈಸೂರು ದಸರಾ ಕುಸ್ತಿಯಲ್ಲಿ ಹೆಸರಿದೆ, ‘ಜೋಡಿ ಕಟ್ಟುವುದು’. ಅಂಡರ್‌ಕಾರ್ಡಿಗೆ ‘ಮೊದಲ ಜೋಡಿಗಳು’ ಅಂದರೆ ಯಾವುದು ಮೊದಲು ಎಂಬ ಗೊಂದಲ. ‘ಮುಂಚಿನ ಜೋಡಿಗಳು’ ಅನ್ರಿ.

‘ಉಪಪಂದ್ಯ’ ನನಗೆ ಒಪ್ಪಿಗೆಯಿಲ್ಲ. 2024ರ ನವೆಂಬರಿನಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಟೈಸನ್–ಜೇಕ್ ಪಾಲ್ ಆಟವನ್ನು ನೆಟ್‌ಫ್ಲಿಕ್ಸ್ ತನ್ನ ಚಂದಾದಾರರಿಗೆಲ್ಲ ತೋರಿಸಿತು. ಅದಕ್ಕಿಂತ ಮುಂಚೆ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಹತ್ತು ಸುತ್ತು ಬಡಿದಾಡಿದರು. ಆ ರಾತ್ರಿಯ ಕಾಳಗ ಅಂದರೆ ಅದೇ. ಅದಕ್ಕೆ ‘ಉಪ’ ಅನ್ನಲು ಮನಸ್ಸು ಹೇಗೆ ಬರುತ್ತದೆ?

ಉಡುಪಿ, 3.20

ಧಾರವಾಡದವರ ಜೋಡಿ ಚೆನ್ನಾಗಿದೆ. ಆದರೆ ಪ್ರದರ್ಶನದ ಮಾತು ಬಂದಾಗ ಯಕ್ಷಗಾನ ಬಿಟ್ಟು ಹೇಗೆ ಮಾತಾಡುವುದು? ದೀಪ ಆರಿಸಿ, ಹಾಡು ಹಾಕಿ, ಹೊಗೆ ಬಿಟ್ಟು, ಹಿಂದೆ ಪರಿವಾರ ಕಟ್ಟಿಕೊಂಡು ಬಾಕ್ಸರ್ ರಿಂಗಿಗೆ ನಡೆದು ಬರುವುದಿದೆಯಲ್ಲ, ಅದು ಒಡ್ಡೋಲಗ. ವೇಷ ರಂಗಕ್ಕೆ ಬರುವಾಗ ತೆರೆಯ ಹಿಂದಿನಿಂದಲೇ ಕಿರೀಟ ಮಾತ್ರ ಕಾಣಿಸಿ, ಕಾಲು ಕಾಣಿಸಿ, ಸಭೆಯನ್ನು ಕಾಯಿಸಿ ಕಾಯಿಸಿ ಬರುತ್ತದೆ. ಲಾಸ್ ವೇಗಸ್‌ನಲ್ಲಿ ಮಾಡುವುದೂ ಅದನ್ನೇ. ಆಮೇಲೆ ರಿಂಗಿನ ಘೋಷಕ ಮೈಕಲ್ ಬಫರ್ ನಿಂತು ಹೆಸರು, ಊರು, ತೂಕ, ಗೆದ್ದ ಪಟ್ಟಗಳನ್ನು ರಾಗವಾಗಿ ಸಾರುವುದು ಬಿರುದಾವಳಿ. ಆತ ತನ್ನ ‘ಲೆಟ್ಸ್ ಗೆಟ್ ರೆಡಿ ಟು ರಂಬಲ್’ ಎಂಬ ಒಂದು ಕೂಗನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದ್ದಾನೆ. ಕೂಗಿಗೆ ಅಷ್ಟು ಬೆಲೆ.

ಅಂಡರ್‌ಕಾರ್ಡಿಗೆ ‘ಪೂರ್ವರಂಗ’ ಆಗಬಹುದಲ್ಲ?

ಧಾರವಾಡ, 3.35

ಒಡ್ಡೋಲಗ ತಲೆಬಾಗಿ ಒಪ್ಪಿದೆ. ಪೂರ್ವರಂಗ ಬೇಡ. ಪೂರ್ವರಂಗದಲ್ಲಿ ಯಾರೂ ಸೋಲುವುದಿಲ್ಲ.

ತುಮಕೂರು, 4.10

ಟಿಕೆಟ್ ಇಂಗ್ಲಿಷು. ಚಂದಾ, ಕುಸ್ತಿ, ಪೈಲ್ವಾನ ಪಾರಸಿ. ಪ್ರಸಾರದ ‘ಹಕ್ಕು’ ಅರಬ್ಬಿ. ಹೀಗೆ ಒಂದೊಂದನ್ನೇ ಒಳಗೆ ಬಿಟ್ಟುಕೊಂಡು ಬಂದದ್ದಕ್ಕೇ ಇವತ್ತು ನಮ್ಮ ಮಕ್ಕಳಿಗೆ ಹೊಸ ಪದ ಕಟ್ಟುವ ಧೈರ್ಯವೇ ಇಲ್ಲ. ನನ್ನ ಸಂಕಟ ಈ ಒಂದು ಪದದ್ದಲ್ಲ. ಕಟ್ಟುವ ಕೈ ಮರೆತುಹೋಗುತ್ತಿದೆ.

ಮೈಸೂರು, 4.25

ಎರವಲು ತಪ್ಪಲ್ಲ ಎಂದಾದರೆ ಪೇ-ಪರ್-ವ್ಯೂ ಎಂದೇ ಇಡಿ. ಇಷ್ಟೆಲ್ಲ ಚರ್ಚೆ ಏತಕ್ಕೆ?

ಧಾರವಾಡ, 5.05

ಮೇಷ್ಟ್ರೇ, ಎರವಲು ತಂದದ್ದು ನಮ್ಮ ಮನೆಯ ಕೆಲಸ ಮಾಡಬೇಕು. ಹಕ್ಕು ಬಂದು ಹಕ್ಕುದಾರ, ಹಕ್ಕುಪತ್ರ ಆಯಿತು. ಉತಾರ ಹಿಡಿದು ತಹಶೀಲ್ದಾರರ ಕಚೇರಿಗೆ ಹೋದ ರೈತನ ಬಾಯಿಂದ ಅದನ್ನು ಕಿತ್ತುಕೊಂಡರೆ ಅವನಿಗೆ ಮಾತೇ ಉಳಿಯುವುದಿಲ್ಲ. ಟಿಕೆಟ್ಟನ್ನು ಓದು ಬಾರದ ಮುದುಕಿಯೂ ಕೇಳಿ ಪಡೆಯುತ್ತಾಳೆ. ಪೇ-ಪರ್-ವ್ಯೂ ಹಾಗೆ ಇಲ್ಲ. ಇಂಗ್ಲಿಷ್ ಬಲ್ಲವರು ಒಡೆದು ನೋಡಿದರೆ ಮಾತ್ರ ಅರ್ಥ ಬಿಡುತ್ತದೆ, ಉಳಿದವರಿಗೆ ಬರೀ ಸದ್ದು.

ತುಮಕೂರಿನ ತಮ್ಮಾ, ಕಟ್ಟುವ ಕೈ ಬೇಕು ಅನ್ನುವ ನಿನ್ನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ‘ನೋಡುಗಾಸು’ ಕಟ್ಟಡ ಗಟ್ಟಿ ಇದೆ, ನಿವೇಶನ ತಪ್ಪಿದೆ. ಹಳ್ಳಿಯಲ್ಲಿ ಡೊಂಬರಾಟ ಮುಗಿದ ಮೇಲೆ ತಟ್ಟೆಗೆ ಹಾಕುವ ದುಡ್ಡಿಗೆ ಅದು ಚಂದ ಒಪ್ಪುತ್ತದೆ. ಎತ್ತಿಟ್ಟುಕೋ.

ಬೆಂಗಳೂರು, ಸಂಜೆ 6.45

ಎಲ್ಲರಿಗೂ ಮನಸಾರೆ ಧನ್ಯವಾದ. ಹನ್ನೊಂದರಲ್ಲಿ ಒಂಬತ್ತು ಕಡೆ ‘ಬಿಡಿ ಟಿಕೆಟ್’ ಹಾಕಿದೆ. ಉಳಿದೆರಡು 1971ರ ಭಾಗದಲ್ಲಿದ್ದವು. ಅಲ್ಲಿ ಬರೀ ‘ಟಿಕೆಟ್’ ಸಾಕಾಯಿತು. ವಾಕ್ಯ ಈಗ ಹೀಗಿದೆ: “2026ರಿಂದ ಅಮೆರಿಕದಲ್ಲಿ ಬಿಡಿ ಟಿಕೆಟ್ ಇಲ್ಲ. ವರ್ಷದ 13 ದೊಡ್ಡ ಕಾರ್ಯಕ್ರಮಗಳೂ 30 ಫೈಟ್ ನೈಟ್‌ಗಳೂ ಚಂದಾದಲ್ಲೇ ಸೇರಿವೆ.” ಗಡಿಯಾರ ಹಿಡಿದು ಮೂರು ಸಲ ಓದಿದೆ, ಚಿತ್ರದ ಅಳತೆಗೆ ಕೂತಿದೆ. ‘ಒಡ್ಡೋಲಗ’ ಓದಿದಾಗ ಪಕ್ಕದಲ್ಲಿದ್ದ ಸಂಕಲನಕಾರರು ತಲೆ ಎತ್ತಿ ನೋಡಿದರು. ಅದನ್ನೂ ಉಳಿಸಿಕೊಂಡೆ. ‘ಮುಂಚಿನ ಜೋಡಿಗಳು’ ಸಹ.

ಒಂದು ಕೊನೆಯ ಅನುಮಾನ. ‘ಪರ್ಸ್’ ಅನ್ನುವುದಕ್ಕೆ ನಾಲ್ಕು ಕಡೆ ‘ಬಹುಮಾನದ ಹಣ’ ಎಂದು ಬರೆದಿದ್ದೇನೆ. ಸರಿಯೇ?

ಧಾರವಾಡ, 7.00

ತಪ್ಪು, ಈಗಲೇ ತಿದ್ದಿಬಿಡ್ರಿ. ಬಹುಮಾನ ಗೆದ್ದವನಿಗೆ. 1971ರಲ್ಲಿ ಫ್ರೇಜಿಯರ್ ಗೆದ್ದ, ಅಲಿ ಸೋತ. ಇಬ್ಬರಿಗೂ ಮೊದಲೇ ಮಾತಾಡಿದಂತೆ 25 ಲಕ್ಷ ಡಾಲರ್ ಸಂದಿತು. ‘ಸಂಭಾವನೆ’ ಅನ್ರಿ.

ಉಡುಪಿ, 7.10

ಮೇಳವನ್ನು ಆಟಕ್ಕೆ ಗೊತ್ತುಮಾಡುವಾಗ ಕೊಡುವುದಕ್ಕೆ ನಮ್ಮಲ್ಲಿ ‘ವೀಳ್ಯ’ ಎನ್ನುತ್ತೇವೆ. ಕಾಳಗಕ್ಕೆ ಕರೆಯುವುದೂ ರಣವೀಳ್ಯವೇ. ನಾಲ್ಕರಲ್ಲಿ ಒಂದು ಕಡೆಯಾದರೂ ಹಾಕಲು ಆಗುತ್ತದೋ ನೋಡಿ.

ಬೆಂಗಳೂರು, 7.20

ಮೂರು ಕಡೆ ಸಂಭಾವನೆ. ಕಿನ್ಶಾಸಾದ ಭಾಗದಲ್ಲಿ ವೀಳ್ಯ. ನಿರೂಪಣೆಯ ಪ್ರತಿ ಸ್ಟುಡಿಯೊಗೆ ಹೋಯಿತು.